ದ್ವಿದಳದ ಇಪ್ಪತ್ತೆಂಟನೆಯ ದಿನ

ಮೊದಲ ವಿಶಲ್ ಬೆಳಿಗ್ಗೆ ಆರು ಐವತ್ತೆರಡಕ್ಕೆ ಕೂಗಿತು. ಎರಡನೆಯದು ಆರು ಐವತ್ತಾರಕ್ಕೆ. ಮೂರನೆಯದು ಕೂಗುವ ಮೊದಲೇ ಹರಿದಾಸರಾಯರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದರು.

"ಯಾರೇ ಅದು, ಹೆಣ ಇನ್ನೂ ಮನೇಲಿರೋವಾಗ ಒಲೆ ಹಚ್ಚಿದ್ದು?"

"ನಾನೇ, ಮಾಮ."

"ಏನಿಟ್ಟಿದ್ದೀಯ?"

"ತೊಗರಿಬೇಳೆ," ಎಂದಳು ವಿಭಾ. "ಅರ್ಧ ಪಾವು. ಅರಿಶಿನ ಹಾಕಿದ್ದೀನಿ, ಚಿಟಿಕೆ ಇಂಗು. ಉಪ್ಪು ಆಮೇಲೆ."

ಹಜಾರದಲ್ಲಿ ಫ್ರೀಜರ್ ಪೆಟ್ಟಿಗೆಯ ಸುತ್ತ ಕೂತಿದ್ದವರು ಅಡುಗೆಮನೆಯ ಕಡೆ ತಿರುಗಿದರು. ಪೆಟ್ಟಿಗೆಯೊಳಗೆ ಮಲಗಿದ್ದವರು ವಿಭಾಳ ತಾಯಿ ಅಂಬುಜಮ್ಮ; ಹರಿದಾಸರಾಯರ ಒಬ್ಬಳೇ ತಂಗಿ, ವಯಸ್ಸು ಎಪ್ಪತ್ತೊಂದು. ನಿನ್ನೆ ಸಂಜೆ ಆರು ಗಂಟೆಗೆ ದೇವರಿಗೆ ದೀಪ ಹಚ್ಚಿ, ಕುರ್ಚಿಯಲ್ಲಿ ಕೂತು, 'ಸ್ವಲ್ಪ ಎದೆ ಹಿಡೀತಿದೆ' ಎಂದವರು ಆರು ಇಪ್ಪತ್ತಕ್ಕೆ ಇರಲಿಲ್ಲ. ನಿನ್ನೆಗೆ ಅವರ ದ್ವಿದಳ ವ್ರತದ ಇಪ್ಪತ್ತೆಂಟನೆಯ ದಿನ. ಚಾತುರ್ಮಾಸ್ಯದ ನಾಲ್ಕು ತಿಂಗಳಲ್ಲಿ ಅದು ಕೊನೆಯದು: ಎರಡು ಹೋಳಾಗುವ ಯಾವ ಕಾಳೂ, ಯಾವ ಬೇಳೆಯೂ ನಾಲಿಗೆಗೆ ತಾಕುವಂತಿಲ್ಲ.

"ನಿಮ್ಮಮ್ಮ ಇಪ್ಪತ್ತೆಂಟು ದಿನ ಮುಟ್ಟದ ಪದಾರ್ಥ," ಹರಿದಾಸರಾಯರು ಕುಕ್ಕರಿನ ಕಡೆ ಕೈ ತೋರಿದರು, "ಅವಳ ತಲೆದೆಸೇಲಿ ಬೇಯಿಸ್ತೀಯಲ್ಲೇ!"

"ಅದಕ್ಕೇ ಬೇಯಿಸ್ತಿರೋದು. ನೀವೆಲ್ಲ ಬಾಯಿಗೆ ಅಕ್ಕಿ ಹಾಕ್ತೀರಲ್ಲ, ನಾನು ಬೇಳೆ ಹಾಕ್ತೀನಿ. ಡಾಕ್ಟರ್ ಬರೆದುಕೊಟ್ಟಿದ್ದು. ಬದುಕಿರೋವಾಗ ಬೇಡ ಬೇಡ ಅಂತಿದ್ಲು. ಈಗ ಅನ್ನಲ್ಲ."

"ಅಕ್ಕಾ, ವೇಂಡಾಂ, ಬೇಡ," ಎಂದ ತಮ್ಮ ಸಂಜೀವ. ರಾತ್ರಿ ರೈಲಿನಲ್ಲಿ ಕೊಯಮತ್ತೂರಿನಿಂದ ಬಂದಿದ್ದ. ಸಂಕಟವಾದಾಗ ಅವನ ಬಾಯಿಗೆ ಬರುವುದು ತಮಿಳೇ.

ಹರಿದಾಸರಾಯರ ಹೆಂಡತಿ ಸೀತಾ ಕಣ್ಣೊರೆಸಿಕೊಳ್ಳುತ್ತ, "ಕೋಪ ಮಾಡ್ಕೋಬೇಡ ಕಣೇ. ಕಾರ್ತಿಕ ಮಾಸ, ಶುಕ್ಲಪಕ್ಷ, ವ್ರತದಲ್ಲಿರೋವಾಗ್ಲೇ ಹೋದ್ಲು. ಒಂದು ದಿನ ಮಲಗಲಿಲ್ಲ, ಒಬ್ಬರ ಕೈಲಿ ನೀರು ಕೇಳಲಿಲ್ಲ. ಇಂಥ ಸಾವು ಯಾರಿಗೆ ಸಿಗತ್ತೆ ಹೇಳು?" ಎಂದರು.

"ನಿಮಗೆ ಬೇಕಾ, ಅತ್ತೆ?"

ಸೀತಾ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ವ್ರತ ಮಾಡಿ ಸತ್ತವರು ಯಾರೂ ಇಲ್ಲ," ಎಂದರು ಹರಿದಾಸರಾಯರು.

"ಇದ್ದಾರೆ. ಆ ಪೆಟ್ಟಿಗೇಲೇ ಇದ್ದಾರೆ. ಬುಧವಾರ ಬೆಳಿಗ್ಗೆ ನಾನೇ ಅವಳ ರಕ್ತ ತೆಗೆದಿದ್ದೀನಿ. ರಿಪೋರ್ಟ್ ಇವತ್ತು ಬರತ್ತೆ. ನೀವು ಹೊತ್ಕೊಂಡು ಹೋಗೋ ಮೊದ್ಲು ಎಲ್ಲರೆದುರು ಓದ್ತೀನಿ. ಕೇಳಿಸ್ಕೊಂಡು ಆಮೇಲೆ ಹೇಳಿ, ಪುಣ್ಯವಂತೆ ಅಂತ."

"ಅದರಲ್ಲಿ ಎಲ್ಲಾ ಸರಿಯಾಗೇ ಇದ್ರೆ?"

"ಇದ್ರೆ, ವ್ರತದ ಮಹಿಮೆ ಅಂತ ಒಪ್ಕೋತೀನಿ. ಇನ್ನು ಜನ್ಮದಲ್ಲಿ ಬಾಯಿ ಬಿಡಲ್ಲ."

ಅಷ್ಟು ಹೇಳಿ ಒಲೆ ಆರಿಸಿದಳು. ಕುಕ್ಕರಿನ ಮುಚ್ಚಳ ತೆಗೆಯಲಿಲ್ಲ.

*

ಅಂಬುಜಮ್ಮ ಮೊದಲಿನಿಂದ ವ್ರತಗಳ ಹೆಂಗಸಲ್ಲ. ರೈಲ್ವೆ ಗುಮಾಸ್ತ ಗಿರಿಧರರ ಹೆಂಡತಿಯಾಗಿ, ಟಿ. ನಗರದ ಸೀರೆ ಅಂಗಡಿಗಳಿಗೆ ಫಾಲ್ಸ್ ಹೊಲಿದುಕೊಡುವುದರಲ್ಲಿ ಅವರ ಆಯುಷ್ಯದ ಬಹುಪಾಲು ಕಳೆದಿತ್ತು. ಗಿರಿಧರರು ತೀರಿಕೊಂಡ ವರ್ಷವೇ, ಎರಡು ಸಾವಿರದ ಹದಿನೈದರ ಡಿಸೆಂಬರಿನಲ್ಲಿ, ಅಡ್ಯಾರ್ ನದಿ ಅವರ ನೆಲಮಹಡಿಯ ಬಾಡಿಗೆ ಮನೆಯೊಳಗೆ ನುಗ್ಗಿತು. ಎರಡು ರಾತ್ರಿ ತಾಯಿ ಮಕ್ಕಳು ತಾರಸಿಯ ಮೇಲೆ ಕಳೆದರು. ಮೂರನೆಯ ದಿನ ಪಕ್ಕದ ಬೀದಿಯ ಹೆಂಗಸೊಬ್ಬಳು ಸೊಂಟದವರೆಗಿನ ನೀರಿನಲ್ಲಿ, ತಲೆಯ ಮೇಲೆ ಪಾತ್ರೆ ಹೊತ್ತು ಬಂದಳು. ಸಾಂಬಾರನ್ನ. ತಲೆಗೆ ಒಂದೊಂದು ಸೌಟು. ಅಂಬುಜಮ್ಮ ಉಂಡು, ಅಂಗೈ ನೆಕ್ಕಿ, ಹೆಸರು ಕೇಳೋಣವೆಂದು ತಲೆಯೆತ್ತುವಷ್ಟರಲ್ಲಿ ಆಕೆ ಮುಂದಿನ ಮನೆಗೆ ಹೋಗಿಯಾಗಿತ್ತು.

"ಬೇಳೆ ಇಷ್ಟು ರುಚಿ ಅಂತ ಅರವತ್ತೊಂದು ವರ್ಷ ನಂಗೆ ಗೊತ್ತೇ ಇರ್ಲಿಲ್ಲ," ಎಂದಿದ್ದರು.

ಮರುವರ್ಷ ವೆಸ್ಟ್ ಮಾಂಬಲಂನ ಈ ಎರಡನೆಯ ಮಹಡಿಯ ಮನೆಗೆ ಬಂದ ಮೇಲೆ ವ್ರತ ಹಿಡಿದರು. ವಿಭಾ ಆಗ ಬಯೋಕೆಮಿಸ್ಟ್ರಿ ಎಂ.ಎಸ್ಸಿ. ಮುಗಿಸಿ ಲ್ಯಾಬ್ ಸೇರಿದ್ದಳು.

"ಆ ರುಚಿ ಮರೆತು ಹೋಗ್ತಿದೆ ವಿಭಾ. ಒಂದೊಂದು ತಿಂಗಳು ಒಂದೊಂದು ಬಿಟ್ಟು ನೋಡ್ತೀನಿ. ತಿರುಗಿ ಬಂದಾಗ ಒಂದು ನಮಸ್ಕಾರ ಅನ್ನಬಹುದು."

"ಯಾರಿಗೆ ನಮಸ್ಕಾರ? ನೀರು ಬಿಟ್ಟವನಿಗಾ?"

"ಪಾತ್ರೆ ಹೊತ್ತವಳಿಗೆ. ಅವಳ ಹೆಸರು ಗೊತ್ತಿಲ್ವಲ್ಲ. ಕೃಷ್ಣನ ಹತ್ರ ಹೇಳಿದ್ರೆ ಅವನು ತಲುಪಿಸ್ತಾನೆ."

ಅಲ್ಲಿಂದ ಆ ಮನೆಯ ಋತುಗಳು ತಟ್ಟೆಯ ಮೇಲೆ ಬದಲಾಗತೊಡಗಿದವು. ಟಿ. ನಗರದಲ್ಲಿ ತಮಿಳರ ಆಡಿ ಮಾಸದ ರಿಯಾಯಿತಿಯ ನೂಕುನುಗ್ಗಲು ಇರುವಾಗ ಮನೆಯಲ್ಲಿ ತರಕಾರಿ ಇಲ್ಲ. ಒಣಮಾವಿನಕಾಯಿ, ಹೆಸರುಬೇಳೆ, ಮೆಣಸು. ಅದು ಮುಗಿದರೆ ಮೊಸರಿಲ್ಲ. ನವರಾತ್ರಿಗೆ ಹಾಲಿಲ್ಲ. ಐಪ್ಪಸಿ ತಿಂಗಳ ಮಳೆ ಹಿಡಿಯುವಾಗ ಬೇಳೆಯಿಲ್ಲ. ಬಿಟ್ಟದ್ದು ಮರಳುವ ದಿನ ಅಂಬುಜಮ್ಮ 'ಇವತ್ತು ಮೊಸರು ಬಂತು' ಎನ್ನುತ್ತಿದ್ದರು, ನೆಂಟರು ಬಂದ ಹಾಗೆ. ಮೊದಲ ತುತ್ತಿಗೆ ಕಣ್ಣು ಮುಚ್ಚುತ್ತಿದ್ದರು. ಕೊರೋನಾ ವರ್ಷದಲ್ಲಿ, ಹೊಲಿಗೆಯೂ ನಿಂತು ಬಾಗಿಲೂ ಮುಚ್ಚಿದಾಗ, ಆ ತಟ್ಟೆಯ ಎದುರು ಕೂತು ವಿಭಾಳೂ ನಕ್ಕದ್ದುಂಟು. ಅದನ್ನು ಅವಳು ಮರೆತಿರಲಿಲ್ಲ. ಈಗ ಅದೇ ಅವಳ ಸಿಟ್ಟನ್ನು ಹೆಚ್ಚಿಸುತ್ತಿತ್ತು.

*

ಎಂಟೂವರೆಗೆ ಶರೀರವನ್ನು ಪೆಟ್ಟಿಗೆಯಿಂದ ತೆಗೆದು ಸ್ನಾನಕ್ಕೆ ಅಣಿಮಾಡಿದರು. ಹೆಂಗಸರು ಸೀರೆ ಅಡ್ಡ ಹಿಡಿದರು. ವಿಭಾ ನೀರು ಹೊಯ್ಯುತ್ತ ತಾಯಿಯ ಮೊಣಕಾಲಿನ ಕೆಳಗೆ ಹೆಬ್ಬೆರಳು ಊರಿ, ಐದು ಎಣಿಸಿ, ತೆಗೆದಳು. ಒಂದು ತಿಂಗಳ ಹಿಂದಿನವರೆಗೆ ಹಾಗೆ ಒತ್ತಿದಾಗಲೆಲ್ಲ ಬೀಳುತ್ತಿದ್ದ ಗುಂಡಿ ಇವತ್ತು ಬೀಳಲಿಲ್ಲ. ರಾತ್ರಿಯೆಲ್ಲ ಫ್ರೀಜರಿನಲ್ಲಿ ಸೆಟೆದ ಕಾಲು ಯಾವುದಕ್ಕೂ ಪುರಾವೆಯಲ್ಲ ಎಂದುಕೊಂಡು ಕೈ ಹಿಂತೆಗೆದಳು.

ಪುರಾವೆಯಾಗಿದ್ದದ್ದು ಸೆಪ್ಟೆಂಬರಿನ ರಕ್ತಪರೀಕ್ಷೆಯ ಸಂಖ್ಯೆ. ಆಲ್ಬುಮಿನ್, ಎರಡು ಪಾಯಿಂಟ್ ಏಳು. ರಕ್ತದಲ್ಲಿರುವ ಈ ಪ್ರೊಟೀನು ಇಳಿದರೆ ನೀರು ಕಾಲಿಗೆ ಇಳಿಯುತ್ತದೆ. ಕಡಿಮೆಯೆಂದರೂ ಮೂರೂವರೆ ಇರಬೇಕು. ಅಂಬುಜಮ್ಮನಿಗೆ ಹಾಲು, ಮೊಸರು ಹೊಟ್ಟೆಗೆ ಒಗ್ಗುವುದು ನಿಂತು ವರ್ಷವಾಗಿತ್ತು. ಡಾಕ್ಟರು ಚೀಟಿಯ ಮೇಲೆ ದೊಡ್ಡದಾಗಿ ಬರೆದಿದ್ದರು: ದಿನವೂ ಬೇಳೆ.

*

ದ್ವಿದಳ ವ್ರತದ ಎರಡನೆಯ ದಿನ, ದ್ವಾದಶಿಯ ಪಾರಣೆಗೆ, ವಿಭಾ ತಾನೇ ತೊವ್ವೆ ಮಾಡಿ ಬಡಿಸಿದ್ದಳು. ಅಂಬುಜಮ್ಮ ತಟ್ಟೆಯನ್ನು ಒಂದು ಗೇಣು ಆಚೆ ಸರಿಸಿದರು.

"ಇದೊಂದು ತಿಂಗಳು ಮುಗೀಲಿ."

"ಒಂದು ತಿಂಗಳಲ್ಲಿ ಏನಾಗತ್ತೆ ಗೊತ್ತಾ ನಿಂಗೆ? ನಾನು ದಿನಾ ಅದನ್ನೇ ನೋಡ್ತೀನಿ, ಊರವರ ರಕ್ತದಲ್ಲಿ."

"ಕೃಷ್ಣ ನೋಡ್ಕೋತಾನೆ ಬಿಡೆ."

ವಿಭಾ ತಟ್ಟೆಯನ್ನು ತೊವ್ವೆ ಸಮೇತ ಸಿಂಕಿಗೆ ಎಸೆದಳು. "ಸರಿ. ನಿನ್ನ ಕಾಲು ಒತ್ತಿ ನೋಡೋಕೂ ಅವನನ್ನೇ ಕರಿ. ನೀನು ತಿನ್ನೋವರೆಗೆ ನಾನೂ ಈ ಮನೇಲಿ ತಿನ್ನಲ್ಲ."

ಹೇಳಿದಂತೆಯೇ ಇದ್ದಳು. ಬೆಳಗಿನ ಊಟ ಇಲ್ಲ. ಮಧ್ಯಾಹ್ನ ಲ್ಯಾಬಿನ ಕ್ಯಾಂಟೀನು, ಸಂಜೆ ಸ್ಟೇಷನ್ ಎದುರಿನ ಹೋಟೆಲು. ತಾಯಿಯೊಡನೆ ಆಡಿದ್ದು 'ಬೀಗ', 'ಮಾತ್ರೆ', 'ಗ್ಯಾಸ್ ಬಂತು' ಇಷ್ಟೇ. ಬುಧವಾರ ರಕ್ತ ತೆಗೆಯುವಾಗಲೂ 'ಮುಷ್ಟಿ ಬಿಗಿ ಹಿಡಿ' ಎಂದದ್ದು ಬಿಟ್ಟರೆ ತುಟಿ ಬಿಚ್ಚಿರಲಿಲ್ಲ. ಅಂಬುಜಮ್ಮ ಮಾತ್ರ ತೋಳಿನ ಮೇಲೆ ಹತ್ತಿ ಒತ್ತಿಕೊಂಡು, "ಈ ಸಲ ಚೆನ್ನಾಗಿ ನೋಡು," ಎಂದಿದ್ದರು. ಅದನ್ನು ವಿಭಾ ಚುಚ್ಚುಮಾತೆಂದೇ ತಿಳಿದಿದ್ದಳು.

*

ಒಂಬತ್ತು ಗಂಟೆಗೆ ಎದುರು ಮನೆಯ ಉಷಾ ಮಾಮಿ ಅಡುಗೆಮನೆಗೆ ಬಂದು ಬಾಗಿಲು ಮುಂದೆ ಮಾಡಿದರು. ಒಂಬತ್ತು ವರ್ಷದ ನೆರೆಯಲ್ಲಿ ಅವರ ಮಾತು ಅರ್ಧ ಕನ್ನಡ, ಅರ್ಧ ತಮಿಳಾಗಿತ್ತು. ಸೆರಗಿನಡಿಯಿಂದ ಒಂದು ಪುಟ್ಟ ಸ್ಟೀಲ್ ಬಟ್ಟಲು ತೆಗೆದರು. ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು: ಅಂಬುಜ.

"ಇದು ಅಮ್ಮಾದು ತಾನ್. ನನ್ನ ಹತ್ರ ಇರಕೂಡಾದು, ಕಂದಾ. ಬೆಳಿಗ್ಗೆ ವಿಶಲ್ ಕೇಳ್ತು. ನೀ ಏನು ಬೇಯಿಸ್ತಿದ್ದೆ ಅಂತ ಗೊತ್ತಾಯ್ತು. ಆಮೇಲೆ ಮನಸ್ಸು ತಡೀಲಿಲ್ಲ."

"ಇದು ನಿಮ್ಮನೇಲಿ ಯಾಕಿತ್ತು?"

"ದಿನಾ ಹನ್ನೊಂದು ಗಂಟೆಗೆ ತರೋರು. ವ್ರತದ ಮೂರನೇ ದಿನದಿಂದ. ನಡುವೆ ಏಕಾದಶಿ ಒಂದು ದಿನ ಬಿಟ್ಟು. ಬಟ್ಟಲು ತುಂಬ ಪರುಪ್ಪು, ಬೆಂದ ಬೇಳೆ. 'ನಿಮ್ಮ ಬೇಳೇಲಿ ಬೆಳ್ಳುಳ್ಳಿ ಇಲ್ಲ ತಾನೆ ಉಷಾ?' ಅಂತ ದಿನಾ ಒಂದೇ ಕೇಳ್ವಿ. ತಿನ್ನೋ ಮೊದ್ಲು ಕೈ ಮುಗಿಯೋರು. ಯಾರಿಗೆ ಅಂತ ನಾ ಕೇಳ್ಲಿಲ್ಲ."

ವಿಭಾ ಬಟ್ಟಲನ್ನು ನೋಡಿದಳು. ಸಾವಿನ ಮನೆಯಲ್ಲಿ ಜನ ಸಮಾಧಾನಕ್ಕೆ ಏನು ಬೇಕಾದರೂ ಹೇಳುತ್ತಾರೆ. ಬಟ್ಟಲು ಚಟ್ನಿಗೂ ಹೋಗಿರಬಹುದು.

"ಸುಳ್ಳು. ವ್ರತ ಮುರಿಯೋಳಲ್ಲ ಅವಳು."

"ನಾನೂ ಹಾಗೇ ಅಂದೆ. 'ಕೃಷ್ಣ ಕೋಪ ಬಂದ್ರೆ ಊಟ ಬಿಡಲ್ಲ ಉಷಾ, ನನ್ನ ಮಗಳು ಬಿಡ್ತಾಳೆ' ಅಂದ್ರು. 'ಅವನ ಹತ್ರ ನಾ ಮಾತಾಡ್ಕೋತೀನಿ' ಅಂದ್ರು."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?" ವಿಭಾಳ ದನಿ ಎದ್ದಿತು. "ನೀವಾದ್ರೂ ಯಾಕೆ ಹೇಳ್ಲಿಲ್ಲ ಮಾಮಿ? ದಿನಾ ಮೆಟ್ಟಿಲಲ್ಲಿ ಸಿಗ್ತಿದ್ರಿ! ಇಪ್ಪತ್ತೇಳು ದಿನ ನಾನು ಅವಳ ಮುಖ ನೋಡಿ ಮಾತಾಡಿಲ್ಲ!"

"ಮೆದುವಾ, ಮೆಲ್ಲಗೆ." ಉಷಾ ಮಾಮಿ ಬಾಗಿಲ ಕಡೆ ನೋಡಿದರು. "ಆಣೆ ಹಾಕಿಸ್ಕೊಂಡಿದ್ರು. 'ಹೇಳಿದ್ರೆ ಅವಳು ಗೆದ್ದ ಹಾಗೆ. ಅವಳಿಗೆ ನನ್ನ ಮಾತು ಬೇಡ, ನಂಬರು ಬೇಕು. ರಿಪೋರ್ಟ್ ಬರ್ಲಿ, ಅವಳೇ ಓದ್ಕೊಳ್ಳಲಿ' ಅಂತ ನಗೋರು. ಇನ್ನೊಂದೂ ಅಂದಿದ್ರು. 'ನಮ್ಮಣ್ಣನಿಗೆ ಮಾತ್ರ ಗೊತ್ತಾಗಬಾರದು. ಅವನಿಗೆ ನನ್ನ ಬಿಟ್ರೆ ಹೆಮ್ಮೆಪಡೋಕೆ ಇನ್ನೇನಿದೆ?'"

ಮಾಮಿ ಹೋದ ಮೇಲೆ ವಿಭಾ ಬಟ್ಟಲನ್ನು ಮೂಸಿದಳು. ಸೋಪಿನ ವಾಸನೆ. ಲ್ಯಾಬಿನ ಗೆಳತಿ ಭಾವನಾಳ ಸಂದೇಶ ಫೋನಿಗೆ ಬಂದು ಇಪ್ಪತ್ತು ನಿಮಿಷವಾಗಿತ್ತು: 'ಕ್ಷಮಿಸು. ಇವತ್ತು ಕಳಿಸಬೇಕೋ ಬೇಡವೋ ತಿಳಿಯಲಿಲ್ಲ.' ಕೆಳಗೆ ತೆರೆಯದ ರಿಪೋರ್ಟು.

ಆಲ್ಬುಮಿನ್‌ನ ಅರ್ಧಾಯುಷ್ಯ, ಹಳೆಯದರಲ್ಲಿ ಅರ್ಧ ಕಳೆದು ಹೊಸದು ತುಂಬುವ ಅವಧಿ, ಸುಮಾರು ಇಪ್ಪತ್ತು ದಿನ. ಬೇಳೆ ತಿಂದದ್ದು ನಿಜವಾದರೆ ಸಂಖ್ಯೆ ಏರಿರಬೇಕು; ಸುಳ್ಳಾದರೆ ಇಳಿದಿರಬೇಕು. ಮೂರನೆಯ ಸಾಧ್ಯತೆಯಿಲ್ಲ. ಹೆಬ್ಬೆರಳು ಪರದೆಯ ಮೇಲೆ ನಿಂತಿತು. ಇಳಿದಿದ್ದರೆ ಅವಳ ಸಿಟ್ಟಿಗೆ ಒಂದು ನೆಲೆಯಿತ್ತು. ಏರಿದ್ದರೆ ಅದನ್ನು ಯಾರ ಮೇಲೆ ಹೊರಿಸುವುದು? ಫೋನನ್ನು ಹಾಗೆಯೇ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಬಂದಳು.

*

ಹತ್ತೂವರೆಗೆ ರಾಹುಕಾಲ, ಅದಕ್ಕೆ ಮೊದಲೇ ಹೊರಡಬೇಕೆಂದು ಪುರೋಹಿತರು ಅವಸರಿಸಿದರು. ಕೆಳಗೆ ಮಳೆಯಲ್ಲಿ ಕಣ್ಣಮ್ಮಪೇಟೆಯ ಸ್ಮಶಾನಕ್ಕೆ ಹೋಗುವ ವಾಹನ ಕಾದಿತ್ತು. ಒಬ್ಬೊಬ್ಬರಾಗಿ ಬಾಯಿಗೆ ಅಕ್ಕಿ ಹಾಕಿದರು. ವಿಭಾಳ ಸರದಿ ಬಂದಾಗ ಎಲ್ಲರೂ ಅವಳ ಕೈಯನ್ನೇ ನೋಡಿದರು. ಅವಳು ನಾಲ್ಕು ಕಾಳು ಅಕ್ಕಿ ತೆಗೆದುಕೊಂಡು, ತಾಯಿಯ ತುಟಿಗೆ ತಾಕಿಸಿ, ಸರಿದು ನಿಂತಳು.

ಹರಿದಾಸರಾಯರು ಬಂದಿದ್ದವರ ಕಡೆ ತಿರುಗಿದರು. ಕಣ್ಣು ಕೆಂಪಾಗಿತ್ತು. "ಒಂಬತ್ತು ವರ್ಷ. ಪ್ರವಾಹ ಕಂಡ್ಲು, ಗಂಡನ್ನ ಕಳ್ಕೊಂಡ್ಲು. ಆದ್ರೂ ಒಂದು ವರ್ಷ, ಒಂದು ದಿನ, ಒಂದು ಕಾಳಿನಷ್ಟು ಭಂಗ ಇಲ್ಲ. ಇನ್ನು ಎರಡೇ ದಿನ ಇತ್ತು. ವ್ರತ ಸಮರ್ಪಣೆ ಅವಳ ಹೆಸರಲ್ಲಿ ನಾನು ಮಾಡ್ತೀನಿ." ಆಮೇಲೆ ತಂಗಿಯ ಮಗಳಿಗೆಂಬಂತೆ ಅಲ್ಲ, ಎದುರಾಳಿಗೆಂಬಂತೆ ವಿಭಾಳನ್ನು ನೋಡಿದರು. "ಏನಮ್ಮ, ಬಂತಾ ನಿನ್ನ ರಿಪೋರ್ಟು? ಓದು ಮತ್ತೆ. ಎಲ್ಲರೂ ಇದ್ದಾರೆ."

"ಮಾಮ, ವಿಡುಂಗೊ, ಬಿಟ್ಬಿಡಿ," ಎಂದ ಸಂಜೀವ.

"ಇಲ್ಲ, ಓದ್ಲಿ. ಅವಳೇ ಹೇಳಿದ್ದಲ್ವಾ?"

ಬಾಗಿಲಲ್ಲಿ ನಿಂತಿದ್ದ ಉಷಾ ಮಾಮಿ ನೆಲ ನೋಡುತ್ತಿದ್ದರು. ವಿಭಾ ಫೋನು ತೆಗೆದು ರಿಪೋರ್ಟು ತೆರೆದಳು. ಕಣ್ಣು ಸಾಲಿನಿಂದ ಸಾಲಿಗೆ ಇಳಿದು ಒಂದು ಕಡೆ ನಿಂತಿತು. ಅವಳು ತಾಯಿಯ ಮುಖವನ್ನು ನೋಡಿದಳು, ಇಪ್ಪತ್ತೇಳು ದಿನದ ಮೇಲೆ ಮೊದಲ ಸಲ, ಜಗಳಕ್ಕೆ ನಿಂತವಳ ಹಾಗೆ. ಆಮೇಲೆ ಸೋದರಮಾವನ ಮುಖವನ್ನು ನೋಡಿದಳು. ಲ್ಯಾಬಿನಲ್ಲಿ ಓದುವ ದನಿಯಲ್ಲಿ, ಎಲ್ಲರಿಗೂ ಕೇಳುವಂತೆ, ಪರದೆಯ ಮೇಲೆ ಇದ್ದದ್ದನ್ನು ಇದ್ದಂತೆಯೇ ಓದಿದಳು.

"ಅಂಬುಜಾ ಗಿರಿಧರ್. ಎಪ್ಪತ್ತೊಂದು ವರ್ಷ. ಮಾದರಿ ತೆಗೆದದ್ದು ಬುಧವಾರ ಬೆಳಿಗ್ಗೆ ಆರು ನಲವತ್ತು. ಆಲ್ಬುಮಿನ್, ಮೂರು ಪಾಯಿಂಟ್ ಆರು. ಇರಬೇಕಾದದ್ದು ಮೂರೂವರೆಯಿಂದ ಐದು. ಸಹಜ ಮಿತಿಯಲ್ಲಿದೆ."