ಗಿರಣಿ ಮನೆಯ ಗಂಟಲು

ಹಿಟ್ಟಿನ ಗಿರಣಿಯವನ ಮನೆಯಲ್ಲಿ ಗುಟ್ಟು ಅನ್ನುವುದೇ ಇರಲಿಲ್ಲ. ಇರುವುದಾದರೂ ಹೇಗೆ? ಮುಂದೆ ಗಿರಣಿ, ಹಿಂದೆ ಎರಡು ಕೋಣೆಯ ಮನೆ, ನಡುವಿನ ಬಾಗಿಲು ಸದಾ ತೆರೆದೇ ಇರುತ್ತಿತ್ತು. ಬೆಳಗ್ಗೆ ಏಳಕ್ಕೆ ಬೆಲ್ಟು ತಿರುಗತೊಡಗಿದರೆ ರಾತ್ರಿ ಎಂಟರವರೆಗೆ ಪ್ರೀತಿ, ಜಗಳ, ಹೊಟ್ಟೆನೋವು ಎಲ್ಲವನ್ನೂ ಕಿರುಚಿಯೇ ಹೇಳಬೇಕು. ಕಿರುಚಿದ್ದೂ ಕೇಳಿಸದಿದ್ದರೆ ಬಾಯಿ ನೋಡಿ ತಿಳಿದುಕೊಳ್ಳಬೇಕು. ಗಿರಣಿಯವನ ಮಗಳು ಅಕ್ಷರ ಕಲಿಯುವ ಮೊದಲೇ ತುಟಿ ಓದಲು ಕಲಿತಿದ್ದಳು. ಗಿರಣಿ ನಿಂತ ಮೇಲೂ ಆ ಮನೆಯವರು ಕಿರುಚಿಯೇ ಮಾತಾಡುತ್ತಿದ್ದರು, ಅಭ್ಯಾಸಬಲ. ಓಣಿಯವರು ಮಗಳಿಗೆ ಗಂಟೆ ಎಂದು ಹೆಸರಿಟ್ಟರು. ಅವಳಿಗೇನೂ ಬೇಸರವಿರಲಿಲ್ಲ, ಕರೆದರೆ ಓಗೊಡುತ್ತಿದ್ದಳು.

ಇಂಥವಳಿಗೆ ಸಿಕ್ಕಿದ ಕೆಲಸ ಲೈಬ್ರರಿಯದು.

ಪುಸ್ತಕವೆಂದರೆ ಅವಳಿಗೆ ಪ್ರಾಣ. ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದೆ ಬಂದಿದ್ದಳು. ಆರು ತಿಂಗಳು ನೋಡುತ್ತೇವೆ, ಆಮೇಲೆ ಖಾಯಂ ಎಂದರು. ಮೊದಲಿಗೆ ಹಿಂದಿನ ಕೋಣೆಯಲ್ಲಿ ಪುಸ್ತಕಗಳಿಗೆ ನಂಬರ್ ಅಂಟಿಸುವ ಕೆಲಸ. ಐದನೇ ತಿಂಗಳು ಕೌಂಟರಿಗೆ ಕೂರಿಸಿದರು, ಕೂರಿಸಿದ ದಿನವೇ ಎಡವಟ್ಟಾಯಿತು. ಹಾಲ್‌ನ ಆ ತುದಿಯಲ್ಲಿ ಕೂತಿದ್ದ ತಾತನೊಬ್ಬರು ಪಕ್ಕದವರ ಕಿವಿಯಲ್ಲಿ ಏನೋ ಕೇಳಿದರು. ಗಂಟೆ ಅವರ ತುಟಿ ಓದಿಯೇಬಿಟ್ಟಳು. ಕೂತಲ್ಲಿಂದಲೇ ಹೇಳಿದಳು, “ಟಾಯ್ಲೆಟ್ ಹಿಂದುಗಡೆ ಇದೆ ತಾತ, ಎಡಕ್ಕೆ. ಚಿಲಕ ಸರಿ ಇಲ್ಲ, ಬಾಗಿಲು ಒತ್ತಿ ಹಿಡ್ಕೊಳ್ಳಿ.”

ನಲವತ್ತು ತಲೆಗಳು ಮೇಲೆದ್ದವು. ತಾತನೂ ಎದ್ದರು, ಆದರೆ ನಡೆದದ್ದು ಹೊರಬಾಗಿಲ ಕಡೆಗೆ.

ಮುಖ್ಯಸ್ಥೆ ಅವಳನ್ನು ಒಳಗೆ ಕರೆದರು. ತುಟಿ ಅಲ್ಲಾಡಿಸದೆ ಮಾತಾಡುವ ಹೆಂಗಸು. ಮೂವತ್ತು ವರ್ಷ ಅಲ್ಲೇ ಕೂತು ಕೂತು ಹಾಗಾಗಿದ್ದರು.

“ನಿನ್ನ ಕೆಲಸದಲ್ಲಿ ತಪ್ಪಿಲ್ಲಮ್ಮ. ಆದ್ರೆ ಹುಟ್ಟುಗುಣ ಸುಟ್ಟರೂ ಹೋಗಲ್ಲ. ಬೇರೆ ಕಡೆ ನೋಡ್ಕೋ.”

“ಇದು ಹುಟ್ಟುಗುಣ ಅಲ್ಲ ಮೇಡಂ, ಮನೆ ಗುಣ. ಹುಟ್ಟಿದಾಗ ನಾನೂ ಎಲ್ಲಾ ಮಕ್ಕಳ ಹಾಗೇ ಅತ್ತಿರ್ತೀನಿ. ಕಿರುಚೋದು ಗಿರಣೀಲಿ ಕಲ್ತಿದ್ದು. ಇಲ್ಲಿದ್ರೆ ಇಲ್ಲೀದು ಕಲೀತೀನಿ. ಒಂದು ತಿಂಗಳು ಕೊಡಿ.”

ಅವಳ ಧೈರ್ಯ ಹಿಡಿಸಿತೋ, ಕಿವಿ ನೋವಾಯಿತೋ, ಮುಖ್ಯಸ್ಥೆ ಕೊಟ್ಟರು.

ಗಂಟೆ ಹಟಕ್ಕೆ ಬಿದ್ದಳು. ಮುಖ್ಯಸ್ಥೆಯ ಮುಖ ನೋಡಿಯೇ ಪಾಠ ಕಲಿತಳು. ಹಲ್ಲು ಕಾಣಬಾರದು, ದವಡೆ ಇಳಿಯಬಾರದು, ಮಾತು ಎದುರಿನವರ ಕಿವಿ ದಾಟಬಾರದು. ಬಸ್ಸಿನಲ್ಲೂ ಅದೇ ಅಭ್ಯಾಸ. ಕಂಡಕ್ಟರ್ ಎರಡು ಸಲ ಬೇರೆ ಸ್ಟಾಪಿನ ಟಿಕೆಟ್ ಹರಿದುಕೊಟ್ಟ. ತಿಂಗಳು ತುಂಬುವಷ್ಟರಲ್ಲಿ ಮೆಲುಮಾತು ಅವಳ ನಾಲಿಗೆಗೆ ಒಗ್ಗಿಹೋಗಿತ್ತು. ಕೊನೆಯ ದಿನ ಮುಖ್ಯಸ್ಥೆ ಸಹಿ ಹಾಕಿದ ಕಾಗದ ಕೈಗಿಟ್ಟರು.

ಮಧ್ಯಾಹ್ನವೇ ರಜೆ ಕೇಳಿ ಮನೆಗೆ ಓಡಿದಳು. ಅಪ್ಪ ಗಿರಣಿಯ ಬಾಯಿಗೆ ಗೋಧಿ ಸುರಿಯುತ್ತಿದ್ದ.

“ಕೆಲಸ ಖಾಯಂ ಆಯ್ತಪ್ಪ,” ಅಂದಳು.

ಅಪ್ಪ ಅವಳ ಬಾಯಿ ನೋಡಿದ. “ಏನಂದೆ?”

ಮತ್ತೆ ಹೇಳಿದಳು. ಅಪ್ಪ ಹುಬ್ಬು ಗಂಟಿಕ್ಕಿ, ಕುತ್ತಿಗೆ ಮುಂದೆ ಚಾಚಿದ. ಗಿರಣಿಯೊಳಗೆ ಮಾತಾಡಲು ಬಾರದ ಹೊಸ ಗಿರಾಕಿಗಳನ್ನು ಅವನು ನೋಡುತ್ತಿದ್ದದ್ದು ಹೀಗೆ. ಮಗಳ ಮೇಲೆ ಆ ನೋಟ ಬಿದ್ದದ್ದು ಇದೇ ಮೊದಲು.

“ನಿನ್ನ ಬಾಯಿ ಓದಕ್ಕಾಗ್ತಿಲ್ಲ ಮಗಳೇ,” ಎಂದು ಕಿರುಚಿದ.

ಇಪ್ಪತ್ತನಾಲ್ಕು ವರ್ಷದ ಕಲಿಕೆಯನ್ನು ಒಂದೇ ತಿಂಗಳು ಒರೆಸಿಹಾಕಿತೇ? ಅಪ್ಪನಿಗೇ ಅರ್ಥವಾಗದಂಥ ಮಾತು ಕಲಿತು ಬಂದೆನೇ? ನಾಚಿಕೆಯಾಯಿತು, ಅಳುವೂ ಬಂತು. ಅಷ್ಟರಲ್ಲಿ ಅಪ್ಪ ಸ್ವಿಚ್ಚಿನ ಕಡೆ ಕೈ ಚಾಚಿದ. ಅವಳ ಮಾತು ಕೇಳಲು ಗಿರಣಿ ನಿಲ್ಲಿಸುವವನಿದ್ದ. ಅದು ಹೊರಗಿನವರಿಗೆ ಕೊಡುವ ಮರ್ಯಾದೆ.

ಗಂಟೆ ಮುಂದೆ ನುಗ್ಗಿ ಆ ಕೈ ಹಿಡಿದಳು. ದವಡೆ ಇಳಿಸಿ, ಮೂವತ್ತೆರಡು ಹಲ್ಲೂ ಕಾಣುವ ಹಾಗೆ ಬಾಯಿ ತೆರೆದಳು.

“ನಿಲ್ಲಿಸ್ಬೇಡಪ್ಪ. ನಾನೇನು ಗಿರಾಕೀನಾ? ಕೆಲಸ ಖಾಯಂ ಆಯ್ತು.”

ಅಪ್ಪ ಒಂದೇ ನೋಟಕ್ಕೆ ಓದಿಕೊಂಡ. ಬೆಲ್ಟು ತಿರುಗುತ್ತಲೇ ಇತ್ತು. ಹಿಟ್ಟು ಮೆತ್ತಿದ ಕೈಯಲ್ಲೇ ಅವಳ ಕೆನ್ನೆ ಹಿಡಿದುಕೊಂಡು, ಒಳಗಿದ್ದ ಹೆಂಡತಿಗೆ ಕೇಳುವ ಹಾಗೆ ಕೂಗಿದ, “ಮಗಳು ಬಂದ್ಲು ಕಣೇ.”