ಹಾರ್ಲಿಂಜನ್ನೋ ಚಿಕಾಗೋನೋ

ಪಾದದ ಡಾಕ್ಟರಾಗಲು ಹೊರಟ ಯೆಸೇನಿಯಾಗೆ ಎರಡು ಕಾಲೇಜುಗಳು ಸೀಟು ಕೊಟ್ಟಿದ್ದವು. ಒಂದು ದೂರದ ಚಿಕಾಗೋದ ಹಳೆಯ ಕಾಲೇಜು. ಇನ್ನೊಂದು ಹಾರ್ಲಿಂಜನ್ನಿನದು; ದಕ್ಷಿಣ ಗಡಿಯ ಪುಟ್ಟ ಊರಾದ ಸಾನ್ ಬೆನಿಟೊದ ಅವಳ ಮನೆಯಿಂದ ಕಾರು ಹತ್ತಿದರೆ ಹಾಡೆರಡು ಮುಗಿಯುವಷ್ಟರಲ್ಲಿ ಸಿಗುವ, ಗೋಡೆಯ ಬಣ್ಣದ ವಾಸನೆ ಇನ್ನೂ ಆರದ ಹೊಸ ಕಾಲೇಜು. ತಿಂಗಳು ಮುಗಿಯುವುದರೊಳಗೆ ಯಾವುದೆಂದು ತಿಳಿಸಬೇಕಿತ್ತು.

ಕೇಳಿದವರಿಗೆಲ್ಲ ಅವಳು ಹಾರ್ಲಿಂಜನ್ ಎಂದೇ ಹೇಳುತ್ತಿದ್ದಳು. ಅವಳ ತಾಯಿ ಒಫೇಲಿಯಾ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವ ಹೆಂಗಸು. ಸಕ್ಕರೆ ಕಾಯಿಲೆಯಿಂದ ಎಡಗಾಲಿನ ಎರಡು ಬೆರಳು ಕಳೆದುಕೊಂಡಿದ್ದಳು. ಅಂದಿನಿಂದ ದಿನಾ ಊಟವಾದ ಮೇಲೆ ಯೆಸೇನಿಯಾ ಆ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಹುಣ್ಣೇನಾದರೂ ಎದ್ದಿದೆಯೇ ಎಂದು ನೋಡುತ್ತಿದ್ದಳು. ಈ ಓದಿನ ಹುಚ್ಚು ಹತ್ತಿದ್ದೇ ಹಾಗೆ.

ಭಾನುವಾರ ಬಾರ್ಬಕೋವಾ ಎಂಬ ಬೇಯಿಸಿದ ಮಾಂಸ ಕಟ್ಟಿಸಿಕೊಂಡು ಬಂದ ಚಿಕ್ಕಮ್ಮ ಚಾಯೊ, ಅದನ್ನು ರೊಟ್ಟಿಯಲ್ಲಿ ಸುತ್ತುತ್ತ ಕೆಣಕಿದಳು. "ಹೃದಯ, ಮೆದುಳು ಅಂತ ಎಷ್ಟೆಲ್ಲಾ ಇದೆ. ನಮ್ಮ ಹುಡ್ಗಿ ಹೋಗಿ ಹೋಗಿ ಕಾಲು ಹಿಡ್ಕೊಂಡ್ಲಲ್ಲೇ!"

"ನೀನೇನು ಹೃದಯದ ಮೇಲೆ ನಡ್ಕೊಂಡು ಬಂದ್ಯಾ ಇಲ್ಲಿಗೆ?" ಎಂದಳು ಒಫೇಲಿಯಾ. ಆಮೇಲೆ ಮಗಳ ಕಡೆ ತಿರುಗಿದಳು. "ನಿಜ ಹೇಳು. ಚಿಕಾಗೋ ಬೇಡ ಅಂತಿರೋದು ನನ್ನ ಕಾಲಿಗೋಸ್ಕರ ತಾನೆ?"

"ಅಲ್ಲಮ್ಮ, ಅಲ್ಲಿ ತುಂಬಾ ಚಳಿ."

"ಚಳಿಯಂತೆ! ನನ್ನನ್ನ ನೆಪ ಮಾಡ್ಕೊಂಡು ಮನೇಲಿ ಕೂತ್ರೆ ನಾನಂತೂ ಸುಮ್ನಿರಲ್ಲ, ನೋಡ್ತಾ ಇರು."

ಯೆಸೇನಿಯಾ ಇನ್ನೊಂದು ರೊಟ್ಟಿ ಎತ್ತಿಕೊಂಡಳು. ಸಂದರ್ಶನಕ್ಕೆ ಚಿಕಾಗೋಗೆ ಹೋಗಿದ್ದಾಗ ಅಲ್ಲಿನ ವಯಸ್ಸಾದ ಪ್ರಾಧ್ಯಾಪಕರೊಬ್ಬರು ಪಾದದ ಕೀಲಿನ ಮಾದರಿಯೊಂದನ್ನು ಅವಳ ಕೈಗಿಟ್ಟು, ಒಂದೊಂದೇ ಮೂಳೆ ಹೇಗೆ ಹೊರಳುತ್ತದೆಂದು ತೋರಿಸಿದ್ದರು. ಆ ಹೊತ್ತಿಗೆ ಅವಳಿಗೆ ಹಸಿವು, ಊರು ಎಲ್ಲಾ ಮರೆತುಹೋಗಿತ್ತು. ಅದನ್ನು ಮನೆಯಲ್ಲಿ ಹೇಳಿರಲಿಲ್ಲ.

ಮುಂದಿನ ವಾರ ಹಾರ್ಲಿಂಜನ್ ಕಾಲೇಜು ಸೀಟು ಸಿಕ್ಕವರ ಜೊತೆ ಅವರ ಮನೆಯವರನ್ನೂ ಕರೆದು ಚಿಕಿತ್ಸಾಲಯ ತೋರಿಸಿತು. ಬಂದವರ ಪಾದ ನೋಡಲು ವಿದ್ಯಾರ್ಥಿಗಳು ಸಾಲಾಗಿ ಕುಳಿತಿದ್ದರು. ಒಫೇಲಿಯಾಗೆ ಸಿಕ್ಕವನು ಉತ್ತರದ ಮಿನೆಸೋಟಾದಿಂದ ಬಂದ ಎರಿಕ್ ಎಂಬ ಉದ್ದನೆಯ ಹುಡುಗ. ಇಲ್ಲಿನವರ ಮನೆಮಾತಾದ ಸ್ಪ್ಯಾನಿಷ್ ಅವನ ಬಾಯಲ್ಲಿ ಇನ್ನೂ ಅಂಬೆಗಾಲಿಡುತ್ತಿತ್ತು. ಶೂ ಬಿಚ್ಚಿ ಎನ್ನಲು ಹೋಗಿ, "ಅಮ್ಮಾ, ದಯವಿಟ್ಟು ಕಾಲು ಬಿಚ್ಚಿಕೊಡಿ," ಎಂದ.

"ಎರಡು ಬೆರಳು ಆಗ್ಲೇ ಕೊಟ್ಟಿದೀನಲ್ಲೋ ಮಗನೇ, ಅಷ್ಟು ಸಾಲ್ದಾ?"

ಸುತ್ತಲಿದ್ದವರೆಲ್ಲ ನಕ್ಕರು. ಎರಿಕ್ ಕಿವಿಯವರೆಗೂ ಕೆಂಪಾದ. ಆದರೆ ಕೆಲಸಕ್ಕಿಳಿದ ಮೇಲೆ ಅವನ ಕೈ ತಡವರಿಸಲಿಲ್ಲ. ಎಡಗಾಲನ್ನು ಬಿಟ್ಟು ಮೊದಲು ಬಲಗಾಲನ್ನು ಎತ್ತಿಕೊಂಡ. ಕಿರುಬೆರಳ ಬುಡ ಬಿಡಿಸಿ ನೋಡಿ, ಯೆಸೇನಿಯಾಳನ್ನು ಹತ್ತಿರ ಕರೆದ. ಅಲ್ಲಿ ಕಾಳಿನಷ್ಟು ಕೆಂಪಗಾಗಿ ಚರ್ಮ ಬಿರಿಯತೊಡಗಿತ್ತು.

ಯೆಸೇನಿಯಾ ಬಗ್ಗಿ ಮತ್ತೊಮ್ಮೆ ನೋಡಿದಳು. "ದಿನಾ ನೋಡ್ತೀನಿ ನಾನು..."

"ಕೆಟ್ಟ ಕಾಲನ್ನ ನೋಡ್ತೀರ. ಎಲ್ಲರೂ ಹಾಗೇ," ಎಂದ ಎರಿಕ್ ಮೆಲ್ಲಗೆ, ಇಂಗ್ಲಿಷಿನಲ್ಲಿ. "ನಾನೂ ಮೊದಲ ವರ್ಷ ಹೀಗೇ ತಪ್ಪು ಮಾಡ್ದೆ. ಚೆನ್ನಾಗಿರೋ ಕಾಲಿಂದ ಶುರು ಮಾಡು ಅಂತ ಆಮೇಲೆ ನಮ್ಮ ಮೇಡಂ ಚೆನ್ನಾಗಿ ಬೈದು ಕಲಿಸಿದ್ರು."

ಆ ಮೇಡಂ, ಡಾಕ್ಟರ್ ವಿಯಾರಿಯಲ್, ಬಂದು ನೋಡಿ ಸರಿಯಾದ ಹೊತ್ತಿಗೆ ಸಿಕ್ಕಿದೆ ಎಂದರು. ಗಾಯಕ್ಕೆ ಮದ್ದು ಹಚ್ಚಿಸಿ, ಶೂ ಬದಲಿಸಬೇಕೆಂದು ಹೇಳಿ, ತಪ್ಪದೆ ಬರುತ್ತಿರಬೇಕೆಂದು ಒಫೇಲಿಯಾಳಿಂದ ಮಾತು ತೆಗೆದುಕೊಂಡರು.

ಕಾರಿನ ಹತ್ತಿರ ಬಂದಾಗ ಯೆಸೇನಿಯಾ ಅಳು ತಡೆಯಲಾರದೆ ನಿಂತುಬಿಟ್ಟಳು. ಒಫೇಲಿಯಾ ಮಗಳ ಮುಖವನ್ನು ಅಂಗೈಯಿಂದ ಒರೆಸಿದಳು.

"ಯಾಕೇ ಅಳ್ತೀಯ? ನನ್ನ ಕಾಲು ನೋಡೋಕೆ ಒಂದು ಕಾಲೇಜಿಗೆ ಕಾಲೇಜೇ ಇದೆ ಈಗ. ಆ ಹುಡುಗನಿಗೆ ಭಾಷೆ ಕಲಿಸೋಕಾದ್ರೂ ನಾನು ಇಲ್ಲಿಗೆ ಬರ್ಬೇಕು. ನಿನಗೇನು ಬೇಕು, ಅದನ್ನ ಹೇಳು."

"ಚಿಕಾಗೋ ಅಮ್ಮ," ಎಂದಳು ಯೆಸೇನಿಯಾ. ಬಾಯಿಂದ ಬಿದ್ದ ಮಾತಿಗೆ ತಾನೇ ಬೆಚ್ಚಿದಳು. "ಆದ್ರೆ ಭಯ ಆಗತ್ತೆ. ಅಲ್ಲಿ ಹೋಗಿ ಫೇಲ್ ಆದ್ರೆ?"

"ಆದ್ರೆ ಆಯ್ತು, ಇನ್ನೊಂದ್ಸಲ ಪರೀಕ್ಷೆ ಬರಿ. ಭಯಕ್ಕೆ ನನ್ನ ಕಾಲಿನ ಹೆಸರಿಡ್ಬೇಡ, ಅಷ್ಟೇ."

ಮರುದಿನ ಯೆಸೇನಿಯಾಳೇ ಡಾಕ್ಟರ್ ವಿಯಾರಿಯಲ್ ಅವರಿಗೆ ಫೋನು ಮಾಡಿ, ಬರುವುದಿಲ್ಲವೆಂದು ತೊದಲುತ್ತ ಹೇಳಿದಳು. ಅವರು ಬೇಸರಪಟ್ಟುಕೊಳ್ಳಲಿಲ್ಲ. "ನೀನು ಬಂದಿದ್ರೆ ಖುಷಿಯಾಗ್ತಿತ್ತು. ಹೋಗು, ಚೆನ್ನಾಗಿ ಕಲ್ತ್ಕೋ. ಇಲ್ಲಿ ಪಾದಗಳಿಗೇನೂ ಬರ ಇಲ್ಲ, ಆಮೇಲೆ ಬಂದ್ರೂ ಕೆಲಸ ಇರುತ್ತೆ," ಎಂದರು.

ಚಿಕಾಗೋದಲ್ಲಿ ಅಂಗರಚನಾಶಾಸ್ತ್ರದ ಮೊದಲ ಪರೀಕ್ಷೆ ಕೈಕೊಟ್ಟಿತು. ಆ ವಾರವೆಲ್ಲ ಯೆಸೇನಿಯಾ ಮನೆಗೆ ಫೋನು ಮಾಡಲಿಲ್ಲ. ಜೊತೆಯ ಇಬ್ಬರು ಹುಡುಗಿಯರನ್ನು ಸೇರಿಸಿಕೊಂಡು, ಒಬ್ಬರ ಪಾದದ ಮೇಲೊಬ್ಬರು ಪೆನ್ನಿನಿಂದ ನರಗಳನ್ನು ಗೀಚಿಕೊಂಡು ಓದಿದಳು. ಎರಡನೆಯದರಲ್ಲಿ ಪಾಸಾದಳು, ಹೇಳಿಕೊಳ್ಳುವಂಥ ಅಂಕಗಳೇ ಬಂದವು.

ಫೋನು ಮಾಡಿದಾಗ ಒಫೇಲಿಯಾ ಕೆಲಸದ ಮೇಲಿದ್ದಳು. ಹಿಂದಿನಿಂದ ಪಾತ್ರೆಗಳ ಸದ್ದು ಕೇಳುತ್ತಿತ್ತು.

"ಪಾಸಾದೆ ಅಮ್ಮ."

"ತಡಿ, ತಡಿ," ಎಂದ ಒಫೇಲಿಯಾ, ಇಡೀ ಅಡುಗೆಮನೆಗೆ ಕೇಳುವಂತೆ ಕೂಗಿದಳು. "ಲೇ, ಒಲೆ ಸಣ್ಣ ಮಾಡ್ರೇ, ನನ್ನ ಮಗಳು ಮಾತಾಡ್ತಾಳೆ! ಹಾಂ, ಈಗ ಗಟ್ಟಿಯಾಗಿ ಹೇಳು."

ಯೆಸೇನಿಯಾ ಗಟ್ಟಿಯಾಗಿ ಹೇಳಿದಳು.