ಒಂದೇ ಬಣ್ಣದ ಚಪ್ಪಲಿಗಳು

ಅಪ್ಪನ ನೆನಪು ಪರೀಕ್ಷಿಸುತ್ತಿದ್ದ ಸಿಸ್ಟರ್ ಐದನೆಯ ಫೋಟೋ ಮುಂದೆ ಹಿಡಿದಾಗ ಮಗಳು ಅತ್ತ ಬಾಗಿದಳು. ಇದನ್ನಾದರೂ ಅಪ್ಪ ಗುರುತಿಸಲೇಬೇಕು. ಫೋಟೋದಲ್ಲಿದ್ದವಳು ಗುಂಡಿ ಅಂಗಡಿಯಮ್ಮ. ಅಪ್ಪನ ಬೂಟು ರಿಪೇರಿ ಅಂಗಡಿಯ ಎದುರಿಗೇ ಕೂತು ನಲವತ್ತು ವರ್ಷ ಗುಂಡಿ, ದಾರ, ಜಿಪ್ಪು ಮಾರಿದವಳು. ಈಗಲೂ ಪಕ್ಕದ ಮಂಚದ ಮೇಲೆಯೇ ಕೂತು ನೋಡುತ್ತಿದ್ದಳು.

ಅಪ್ಪ ಫೋಟೋವನ್ನು ದೂರ ಹಿಡಿದರು, ಹತ್ತಿರ ಹಿಡಿದರು. "ಯಾರೋ ದೊಡ್ಡ ಮನೆತನದೋರು ಇದ್ದ ಹಾಗಿದೆ" ಎಂದರು.

"ಕೇಳಿದ್ರಾ!" ಗುಂಡಿ ಅಂಗಡಿಯಮ್ಮ ಹಣೆ ಚಚ್ಚಿಕೊಂಡಳು. "ನಲವತ್ತು ವರ್ಷ ಎದುರಿಗೆ ಕೂತಿದೀನಿ, ಇವತ್ತು ದೊಡ್ಡ ಮನೆತನದೋಳಾದೆ. ಮೊದಲೇ ಹೇಳಿದ್ರೆ ಸ್ವಲ್ಪ ಜಂಬನಾದ್ರೂ ಮಾಡ್ತಿದ್ನಲ್ಲ ಬೂಟಣ್ಣ!"

ಸುತ್ತಲಿನವರು ನಕ್ಕರು. ಎಲ್ಲರೂ ನಗುತ್ತಿದ್ದಾರಲ್ಲ ಎಂದು ಅಪ್ಪನೂ ನಕ್ಕರು.

ಹೊಳೆ ಉಕ್ಕಿ ಅವರ ಬೀದಿಯನ್ನು ಕೊಚ್ಚಿಕೊಂಡು ಹೋಗಿ ಮೂರು ತಿಂಗಳಾಗಿತ್ತು. ಬೀದಿಯವರೆಲ್ಲ ಒಂದು ಶಾಲೆಯ ಆಟದ ಹಾಲಿನಲ್ಲಿ ಸಾಲು ಮಂಚಗಳ ಮೇಲೆ ದಿನ ದೂಡುತ್ತಿದ್ದರು. ಮುಂದಿನ ವಾರ ಗುಡ್ಡದ ಮೇಲಿನ ಹೊಸ ಬಡಾವಣೆಗೆ ಹೋಗುವುದಿತ್ತು. ಅಲ್ಲಿ ಅಪ್ಪನಿಗೆ, ಕೂತು ಕೆಲಸ ಮಾಡಲು ಮುಂದೆ ಕಟ್ಟೆಯಿರುವ ಒಂದು ಕೋಣೆ ನಿಗದಿಯಾಗಿತ್ತು. ಆದರೆ ಒಂಟಿಯಾಗಿ ಬಿಡುವಂತಿಲ್ಲ ಎಂದು ಸಿಸ್ಟರ್ ಬರೆದರೆ ಆ ಕೋಣೆ ಇಲ್ಲ. ಅಂಥವರನ್ನು ಮೂರು ಗಂಟೆ ದೂರದ ಆರೈಕೆ ಮನೆಗೆ ಕಳಿಸುತ್ತಿದ್ದರು. ಮಗಳದು ನೀರು ಪರೀಕ್ಷಿಸುವ ಲ್ಯಾಬಿನಲ್ಲಿ ಬೆಳಗ್ಗೆ ಎಂಟರಿಂದ ಸಂಜೆ ಆರರವರೆಗಿನ ಕೆಲಸ. ಹಗಲೆಲ್ಲ ಅಪ್ಪನ ಪಕ್ಕ ಕೂರುವುದು ಅವಳ ಕೈಲಾಗದ ಮಾತು.

ಸಿಸ್ಟರ್ ಹಾಳೆಯಲ್ಲಿ ಬರೆದುಕೊಂಡದ್ದನ್ನು ಮಗಳು ಓರೆಗಣ್ಣಿನಿಂದ ಓದಿದಳು. ತಿಂಗಳು ತಪ್ಪು. ನೆನಪಿಡಲು ಕೊಟ್ಟ ಮೂರು ಪದಗಳಲ್ಲಿ ಉಳಿದದ್ದು ಒಂದು. ಮುಖಗಳು ಐದಕ್ಕೆ ಸೊನ್ನೆ.

"ನೆರೆ ಬರೋ ಹಿಂದಿನ ದಿನದವರೆಗೂ ಅಂಗಡಿ ನಡೆಸ್ತಿದ್ರು ಸಿಸ್ಟರ್. ಯಾರ ಬೂಟನ್ನೂ ಇನ್ನೊಬ್ಬರಿಗೆ ಕೊಟ್ಟವರಲ್ಲ" ಎಂದಳು.

"ಇರಬಹುದಮ್ಮ. ಮನೆ ಕಳಕೊಂಡ ಮೇಲೆ ವಯಸ್ಸಾದವರು ಹೀಗೆ ದಿಢೀರಂತ ಕುಸಿದುಬಿಡೋದನ್ನ ನಾನು ಬೇಕಾದಷ್ಟು ನೋಡಿದೀನಿ. ಸಂಜೆಗೆ ಹಾಳೆ ಕಳಿಸಬೇಕು, ಏನು ಮಾಡ್ಲಿ ಹೇಳಿ?"

ತಪ್ಪು ಜಾಗದಿಂದ ತುಂಬಿಸಿ ತಂದ ನೀರಿಗೂ ಯಂತ್ರ ಕರಾರುವಾಕ್ಕಾಗಿ ಒಂದು ಅಂಕಿ ಕೊಡುತ್ತದೆ ಎಂಬುದನ್ನು ಮಗಳು ಲ್ಯಾಬಿನಲ್ಲಿ ಕಂಡಿದ್ದಳು. ಇದೂ ಹಾಗೆಯೇ ಇರಬಹುದೆ? ಅಥವಾ ಮಗಳಾದ ತಪ್ಪಿಗೆ ಹಾಗೆ ಅಂದುಕೊಳ್ಳುತ್ತಿದ್ದೇನೆಯೆ? ಹೋದ ವಾರ ಅಪ್ಪ ಎರಡು ಸಲ ಬೇರೆಯವರ ಮಂಚದಲ್ಲಿ ಮಲಗಿದ್ದರು. ಅದು ಸುಳ್ಳಲ್ಲ.

ಅಷ್ಟರಲ್ಲಿ ಬಾಗಿಲ ಬಳಿ ಗಲಾಟೆ ಎದ್ದಿತು. ನೆಲ ಒರೆಸಲು ಬಂದ ಹೆಂಗಸು ಹೊರಗೆ ಬಿಟ್ಟಿದ್ದ ಚಪ್ಪಲಿಗಳನ್ನೆಲ್ಲ ಪೊರಕೆಯಿಂದ ಒಂದೇ ರಾಶಿ ಮಾಡಿದ್ದಳು. ಎಲ್ಲವೂ ನೀಲಿ ರಬ್ಬರಿನವು. ನೆರೆಯ ಮರುದಿನ ಪರಿಹಾರದ ಲಾರಿಯಲ್ಲಿ ಬಂದಿದ್ದು ಅದೊಂದೇ ಬಣ್ಣ, ಎರಡೇ ಅಳತೆ.

"ಅದು ನಂದು ಕಣ್ರೀ!"

"ನಿಮ್ದು ಅಂತ ಏನು ಮುದ್ರೆ ಒತ್ತಿದೀರಾ?" ನೀರಿನ ಟ್ಯಾಂಕರ್ ಓಡಿಸುವ ಡ್ರೈವರ್ ಕೂಗಿದ. "ಬಿಡ್ರೀ, ನನಗೆ ಹೊತ್ತಾಯ್ತು."

ಅಪ್ಪ ಯಾವಾಗ ಎದ್ದು ಹೋದರೋ ತಿಳಿಯಲಿಲ್ಲ. ಮಗಳು ನೋಡುವಾಗ ಮೆಟ್ಟಿಲ ಮೇಲೆ ಕೂತು, ಒಂದು ಚಪ್ಪಲಿಯನ್ನು ಮಗುಚಿ, ತಳದ ಅಟ್ಟೆಯ ಮೇಲೆ ಹೆಬ್ಬೆರಳು ಎಳೆಯುತ್ತಿದ್ದರು.

"ಬಲಗಾಲಿನ ಮುಂಭಾಗ ಮಾತ್ರ ತೆಳ್ಳಗಾಗಿದೆ. ಒತ್ತೀ ಒತ್ತೀ ಸವೆಸಿದಾನೆ" ಎಂದರು. "ಡ್ರೈವರ್ರೇ, ತಗೊಳ್ಳಿ. ಸ್ವಲ್ಪ ನಿಧಾನ ಓಡಿಸಿ."

ಡ್ರೈವರ್ ಬಾಯಿ ಮುಚ್ಚಿ ಕಾಲು ತೂರಿಸಿದ. ಅವನದೇ.

"ಇದು ಎಡಗಾಲು ಪೂರ್ತಿ ಹೋಗಿದೆ, ಬಲಗಾಲು ಹೊಸದರ ಹಾಗಿದೆ. ಬಲ ಮೊಣಕಾಲು ಇನ್ನೂ ನೋಯ್ತಿದೆ ಅಂತಾಯ್ತು. ಗುಂಡಿ ಅಂಗಡಿಯಮ್ಮನಿಗೆ ಕೊಡಿ. ಪಾಪ, ಅವಳು ಎಲ್ಲಿದಾಳೋ, ನೆರೆ ಆದಮೇಲೆ ಕಂಡೇ ಇಲ್ಲ."

"ಇಲ್ಲೇ ಇದೀನಿ ಬೂಟಣ್ಣ." ಈ ಸಲ ಅವಳ ಮಾತಿನಲ್ಲಿ ತಮಾಷೆ ಇರಲಿಲ್ಲ. ಅಪ್ಪ ಅವಳ ಪಾದ ನೋಡಿದರು, ಆಮೇಲೆ ನಿಧಾನವಾಗಿ ಮುಖ ನೋಡಿದರು. "ಓ, ನೀನೇನಾ? ಇಷ್ಟು ದಿನ ಎಲ್ಲಿದ್ದೆ?"

ಮಗಳು ಗೋಡೆಗೆ ಒರಗಿ ನಿಂತಳು. ಅಪ್ಪನ ಅಂಗಡಿಯ ಸ್ಟೂಲು ಒಂದು ಮೊಳ ಎತ್ತರದ್ದು. ಗಿರಾಕಿ ಬಂದು ನಿಂತರೆ ಅವರ ಕಣ್ಣಿಗೆ ಬೀಳುತ್ತಿದ್ದದ್ದು ಕಾಲು. ಸುತ್ತಿಗೆಯ ಸದ್ದಿಗೆ ಕಿವಿ ಎಂದೋ ಮಂದವಾಗಿತ್ತು, ಈ ಹಾಲಿನಲ್ಲಂತೂ ಎಲ್ಲರ ದನಿಯೂ ಒಂದೇ ಗದ್ದಲ. ಅವರು ಜನರನ್ನು ಓದುತ್ತಿದ್ದದ್ದು ಕೆಳಗಿನಿಂದ. ಒಂದೇ ದಿನದಲ್ಲಿ ಎಲ್ಲರಿಗೂ ಒಂದೇ ಹೊಸ ಚಪ್ಪಲಿ ಬಂದಾಗ ಅವರ ಪಾಲಿಗೆ ಇಡೀ ಬೀದಿಯೇ ಅಳಿಸಿಹೋಗಿತ್ತು. ಆ ಜನರ ಗುರುತು ಮತ್ತೆ ರಬ್ಬರಿನ ಮೇಲೆ ಮೂಡಲು ಮೂರು ತಿಂಗಳು ಹಿಡಿದಿತ್ತು.

ಸಿಸ್ಟರ್ ಹಾಳೆ ಹಿಡಿದು ಮಗಳ ಪಕ್ಕ ಬಂದು ನಿಂತಿದ್ದಳು. ಅಪ್ಪ ಹೆಸರು ಹೇಳಿದ ಹಾಗೆಲ್ಲ ಗೆರೆ ಎಳೆಯುತ್ತಿದ್ದಳು. ಮೂವತ್ತೊಂದು ಜೊತೆ. ಎರಡು ಮಾತ್ರ ಅದಲುಬದಲು.

ಕೊನೆಗೆ ಒಂದು ಜೊತೆ ಉಳಿಯಿತು. ಅಪ್ಪ ಅದನ್ನು ಬಹಳ ಹೊತ್ತು ತಿರುಗಿಸಿ ನೋಡಿದರು.

"ಇದು ಯಾರದೋ ಗೊತ್ತಾಗ್ತಿಲ್ಲ. ತುದಿ ಎರಡೂ ಉಜ್ಜಿ ಉಜ್ಜಿ ಹರಿದಿದೆ. ಕಾಲು ಎತ್ತಿ ಇಡಲ್ಲ ಈ ಆಸಾಮಿ, ಎಳೀತಾನೆ. ಎಲ್ಲಿಗೆ ಹೋಗ್ಬೇಕು ಅಂತ ಗೊತ್ತಿಲ್ಲದೋರು ನಡೆಯೋದು ಹೀಗೆ." ಅಟ್ಟೆಯನ್ನು ಸವರಿದರು. "ಪಾಪ. ಯಾರಮ್ಮ ಇದು?"

ಸಿಸ್ಟರ್ ತಲೆ ತಗ್ಗಿಸಿದಳು. ಮಗಳು ಸುಳ್ಳು ಹೇಳಿಬಿಡಬಹುದಿತ್ತು. ಆದರೆ ಅವಳು ಅಪ್ಪನ ಪಕ್ಕ ಕೂತು, ಕಿವಿಯ ಹತ್ತಿರ ಬಾಯಿ ಇಟ್ಟಳು.

"ನಿಮ್ದೇ ಅಪ್ಪ."

ಅವರು ಚಪ್ಪಲಿಯನ್ನು ನೋಡಿದರು. ತಮ್ಮ ಪಾದಗಳನ್ನು ನೋಡಿಕೊಂಡರು.

"ಇದನ್ನೂ ಬರೀಬೇಕಾಗುತ್ತೆ" ಎಂದಳು ಸಿಸ್ಟರ್, ಮೆಲ್ಲಗೆ.

"ಬರೀರಿ. ಆದ್ರೆ ಆ ಮೂವತ್ತೊಂದು ಜೊತೆಯನ್ನೂ ಬರೀರಿ" ಎಂದಳು ಮಗಳು.

ಸಿಸ್ಟರ್ ನಿಂತಲ್ಲೇ ಬರೆದಳು. ಹೊಸ ಕೋಣೆ ಕೊಡಬಹುದು, ಹಳೆಯ ನೆರೆಹೊರೆಯವರ ಸಾಲಿನಲ್ಲೇ. ಹಗಲು ಒಬ್ಬರು ಕಣ್ಣಿಟ್ಟಿರಬೇಕು. ಮೂರು ತಿಂಗಳ ಮೇಲೆ ಮತ್ತೆ ತಪಾಸಣೆ. "ಹಗಲು ಯಾರು ನೋಡ್ಕೊತಾರೆ ಅಂತ ಹೆಸರು ಹಾಕಬೇಕು" ಎಂದು ತಲೆ ಎತ್ತಿದಳು.

"ನನ್ನದು ಹಾಕಿ" ಎಂದಳು ಗುಂಡಿ ಅಂಗಡಿಯಮ್ಮ. "ಹೇಗೂ ಎದುರಿಗೆ ಕೂರೋಳು. ದೊಡ್ಡ ಮನೆತನ ಬೇರೆ."

ಅಪ್ಪನಿಗೆ ಇದ್ಯಾವುದೂ ಕೇಳಿಸಲಿಲ್ಲ. ಅವರು ಹರಿದ ತುದಿಯನ್ನು ಬೆರಳಲ್ಲಿ ಅಳೆಯುತ್ತಿದ್ದರು.

"ಒಂದು ತುಂಡು ರಬ್ಬರು ಸಿಗುತ್ತಾ ನೋಡಮ್ಮ" ಎಂದರು. "ಮುಂದುಗಡೆ ಹಾಕ್ತೀನಿ. ಇನ್ನೂ ಸ್ವಲ್ಪ ದಿನ ಬರುತ್ತೆ."